ಎರಡು ಸಲ ಉಪ್ಪು ಬಿದ್ದ ಸಾರು

ನನ್ನ ಅಡುಗೆ ಪುಸ್ತಕದ ಹೊಸ ಮುದ್ರಣದ ಕರಡು ಇವತ್ತು ಬೆಳಿಗ್ಗೆ ವಿಜಾಪುರದಿಂದ ಬಂತು. ಅಚ್ಚಿನ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾಡಗ್ಯಾಳದ ನಮ್ಮ ಅತ್ತೆಯ ಅಡುಗೆಮನೆ ನೆನಪಾಯಿತು. ಮಸಿಗೂ ಸಾರಿಗೂ ಏನು ಸಂಬಂಧ ಎಂದು ಕೇಳಬೇಡಿ. ಈ ವಯಸ್ಸಿನಲ್ಲಿ ನನ್ನ ಮೂಗು ತನಗೆ ತೋಚಿದ ದಾರಿ ಹಿಡಿಯುತ್ತದೆ.

ಎಪ್ಪತ್ತರ ದಶಕದಲ್ಲಿ ನಾನು ಆ ಮನೆಗೆ ಸೊಸೆಯಾಗಿ ಹೋದೆ. ಮೆಟ್ರಿಕ್ ಪಾಸಾದವಳೆಂಬ ಜಂಬ ಬೇರೆ. ಅತ್ತೆಗೆ ಓದು ಬರಹ ಬಾರದು, ಆದರೆ ಅವರ ಕೈರುಚಿಗೆ ಅಸಂಗಿಯವರೆಗೂ ಹೆಸರಿತ್ತು. ಅದನ್ನೆಲ್ಲ ಬರೆದು ಪುಸ್ತಕ ಮಾಡುವ ಹುಚ್ಚು ನನಗೆ ಹಿಡಿಯಿತು. ಅವರ ಅಳತೆಯೋ ಬರೀ ಹಿಡಿ, ಚಿಟಿಕೆ. ಹಾಗಾಗಿ ಅವರು ಏನು ಹಾಕಹೋದರೂ ನಾನು ಕೈಕೆಳಗೆ ತಟ್ಟೆ ಹಿಡಿದು, ಚಮಚದಲ್ಲಿ ಅಳೆದು, ವಹಿಯಲ್ಲಿ ಬರೆದುಕೊಂಡು, ಆಮೇಲೆ ಪಾತ್ರೆಗೆ ಸುರಿಯುತ್ತಿದ್ದೆ.

"ಲಗೂನ ಮುಗಸವ್ವಾ, ಒಲಿ ನಿನ್ನ ಸಲುವಾಗಿ ಕಾಯಾಂಗಿಲ್ಲ," ಎನ್ನುತ್ತಿದ್ದರು.

ಒಂದು ಹಬ್ಬಕ್ಕೆ ಕರಜಗಿಯ ಬೀಗರು ಬಂದರು. ಹೋಳಿಗೆ, ಕಟ್ಟಿನ ಸಾರು. ಹಬ್ಬದ ಅಡುಗೆಯೆಂದರೆ ಮೀಸಲು. ದೇವರಿಗೆ ಎಡೆ ತೋರಿಸುವ ತನಕ ಯಾರೂ ರುಚಿ ನೋಡುವಂತಿಲ್ಲ. ಅತ್ತೆ ಕೊಟ್ಟ ಉಪ್ಪನ್ನು ನಾನು ಅಳೆದು ಸಾರಿಗೆ ಹಾಕಿದೆ, ಹಾಕಿದೆನೆಂದು ಹೇಳಲಿಲ್ಲ. ಅದು ಇನ್ನೂ ನನ್ನ ತಟ್ಟೆಯಲ್ಲೇ ಇದೆಯೆಂದು ತಿಳಿದು ಅವರು ಮತ್ತೊಂದು ಹಿಡಿ ಹಾಕಿದರು.

ಹಿರಿಯ ಬೀಗರು ಮೊದಲ ತುತ್ತಿಗೇ ತಂಬಿಗೆಗೆ ಕೈ ಚಾಚಿದರು. "ಸಾರು ಇವತ್ತ ಒಂಚೂರು ಉಪ್ಪಾಗೇತ್ರಿ, ಅಕ್ಕಾರ."

ಏನಾಗಿದೆಯೆಂದು ನನಗೆ ಆಗ ಹೊಳೆಯಿತು. ಬಾಗಿಲ ಹಿಂದೆ ವಹಿ ಅಪ್ಪಿಕೊಂಡು ನಿಂತವಳು ಇನ್ನಷ್ಟು ಮರೆಗೆ ಸರಿದೆ. ಮೂವತ್ತು ವರ್ಷ ಆ ಹೆಸರು ಕಾಪಾಡಿಕೊಂಡು ಬಂದ ಅತ್ತೆಯೇ ಹೇಳಿದರು: "ನನ್ನ ಕೈ ತಪ್ಪೇತ್ರಿ. ವಯಸ್ಸಾತು ನೋಡ್ರಿ."

ಬೀಗರು ಸಾರು ಬಿಟ್ಟು ಎರಡೆರಡು ಹೋಳಿಗೆ ಹೆಚ್ಚಿಗೆ ತಿಂದು ಹೋದರು. ನಾನು ವಹಿಯನ್ನು ಟ್ರಂಕಿಗೆ ಹಾಕಿದೆ. ಮೂರನೆಯ ದಿನ ಅತ್ತೆ ಕೇಳಿದರು:

"ಯಾಕ, ಬರಿಯೂದು ಬಿಟ್ಟಿ?"

"ಅವತ್ತ ಉಪ್ಪು ನಾನೂ ಹಾಕಿದ್ನಿರಿ, ಅತ್ತಿ."

"ಗೊತ್ತೈತಿ. ಚಲೋ ಆದದ್ದಷ್ಟ ಬರದ್ರ ಯಾರಿಗೆ ಉಪಯೋಗ? ಕೆಟ್ಟದ್ದು ಹ್ಯಾಂಗ ಸರಿ ಮಾಡೂದು, ಅದನ್ನೂ ಬರಿ."

ಪುಸ್ತಕದ ಕಡೆಯ ಅಧ್ಯಾಯ ಹುಟ್ಟಿದ್ದು ಹಾಗೆ. ತಳ ಹತ್ತಿದ ಹುಗ್ಗಿ, ಹರಿದ ಹೋಳಿಗೆ, ಉಪ್ಪಾದ ಸಾರಿಗೆ ಹಿಟ್ಟಿನ ಉಂಡೆ. ಪುಸ್ತಕ ಕೊಂಡ ಹೆಂಗಸರು ಮೊದಲು ತೆರೆಯುವುದು ಅದನ್ನೇ. ನಾನು ನಡೆದದ್ದನ್ನು ನಡೆದಂತೆ ಬರೆದು ಓದಿ ಹೇಳಿದಾಗ ಮಾತ್ರ ಅತ್ತೆ ತಡೆದಿದ್ದರು.

"ನಿನ್ನ ಹೆಸರ ಬ್ಯಾಡ. ಈಗ ಬಂದಾಕಿ, ಮಂದಿ ಆಡಿಕೊಂತಾರ. ನಂದ ಹಾಕು."

ಹಾಕಿದೆ. ನಿಜ ಹೇಳಬೇಕೆಂದರೆ, ಆಗ ನನಗೆ ಹಾಯೆನಿಸಿತ್ತು. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಆ ಸಾಲು ಪ್ರತಿ ಮುದ್ರಣದಲ್ಲೂ ಹಾಗೆಯೇ ಬಂದಿದೆ: 'ನಮ್ಮ ಅತ್ತೆಯವರ ಕೈ ತಪ್ಪಿ ಸಾರು ಉಪ್ಪಾದ ದಿನ...'

ಇವತ್ತು ಕರಡು ತಿದ್ದುತ್ತ ಅಲ್ಲಿಗೆ ಬಂದೆ. 'ನಮ್ಮ ಅತ್ತೆಯವರ' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮೇಲೆ 'ನನ್ನ' ಎಂದು ಬರೆದೆ.