ಸ್ಟೇರಿಂಗ್ ಕಿತ್ತ ಕನ್ಯಾ

ಮೊಮ್ಮಗನಿಗಿ ಕನ್ಯಾ ನೋಡ್ಲಾಕ ಗಾಜಿಪುರದಿಂದ ಕಮಲಾಪುರಕ್ಕ ಹೋಗಿದ್ದೆ. ನಮ್ಮ ಹುಡುಗ ಕಾರ್ ಭಾರಿ ಹೊಡಿತಾನಂತ ನಾ ಹೇಳಿದೆ. "ನಮ್ಮ ಹುಡುಗಿಗಿ ಸೈಕಲ್ ಸುದ್ದಾ ಬರಲ್ರೀ," ಅಂದಳು ಕನ್ಯಾದ ತಾಯಿ, ಅದೇ ದೊಡ್ಡ ಗುಣ ಅನ್ನೂಹಂಗ.

ಅಂಗಳದಾಗ ಕನ್ಯಾದ ಅಣ್ಣ ಕಾಲೇಜಿನ ಗೆಳೆಯರ ಕೂಡ ಕಟ್ಟಿದ ರೇಸ್ ಕಾರ್ ನಿಂತಿತ್ತು. ಹ್ಯಾಂಗದ ನೋಡೂಣಂತ ಅದರಾಗ ಇಳಿದು ಕುಂತೆ, ಸಿಕ್ಕೊಂಡೆ. ಸ್ಟೇರಿಂಗ್ ಹೊಟ್ಟಿಗಿ ಒತ್ತಲಾಕತ್ತಿತ್ತು. ಅಣ್ಣ ರಟ್ಟಿ ಹಿಡಿದು ಎಳೆದ. ತಾಯಿ ಕೊಬ್ಬರಿ ಎಣ್ಣಿ ತಂದಳು.

ಕನ್ಯಾ ಚಹಾದ ತಾಟು ಕೆಳಗಿಟ್ಟು ಬಂದು, ಸ್ಟೇರಿಂಗಿನ ಹಿಂದ ಏನೋ ಒತ್ತಿ ಅದನ್ನೇ ಕಿತ್ತು ಕೈಯಾಗ ಹಿಡಿದಳು.

"ಆಕ್ಸಿಡೆಂಟ್ ಆದ್ರ ಲಗೂನ ಹೊರಗ ಬರ್ಲಾಕ ಹಿಂಗ ಮಾಡಿರ್ತಾರ್ರೀ ಅಜ್ಜಿ. ಕಾರ್ ಹೊಡಿಯೋರ ಮೈಯಳತಿಗೇ ಸೀಟಿನ ಅಚ್ಚು ಹಾಕ್ತಾರ, ಅದಕ್ಕ ನಿಮಗ ಬಿಗಿ."

"ಇದು ಯಾರ ಅಳತಿದವ್ವಾ?"

"ನಂದೇರೀ."

ತಾಯಿ ಎಣ್ಣಿ ಬಾಟಲಿ ಸೆರಗಿನಾಗ ಮುಚ್ಚಿಕೊಂಡಳು.

ನಮ್ಮ ಹುಡುಗಗ ಸ್ಕೂಟರ್ ಸುದ್ದಾ ಬರಲ್ಲಂತ ಅವರಿಗಿ ಗೊತ್ತಾಗೂ ಮೊದಲೇ ನಾ ಸಂಬಂಧ ಪಕ್ಕಾ ಮಾಡಿ ಬಂದೆ.