ಮಸಿಯಣ್ಣನವರ ರಬ್ಬರು ಮತ್ತು ನನ್ನ ಮೃಗಗಳು

ವಿಚಿತ್ರ ಮೃಗಗಳನ್ನು ಹುಡುಕಿ ಹಿಡಿದು, ಸಾಕಿ ಬೆಳೆಸಿ, ಗೆಳೆಯರೊಡನೆ ಅದಲುಬದಲು ಮಾಡಿಕೊಳ್ಳುವ ವಿಡಿಯೊ ಗೇಮುಗಳ ಲೋಕದಲ್ಲಿ, ಆ ಮೃಗಗಳಿಗೆ ರೂಪ ಕೊಡುವ ಚಿತ್ರಕಾರರೆಂದರೆ ಮೊದಲು ನೆನಪಾಗುವವರು ನಮ್ಮ ಮಸಿಯಣ್ಣನವರು. ಎರಡನೆಯದಾಗಿ ಯಾರೆಂದು ಯಾರೂ ಕೇಳುವುದಿಲ್ಲ. ಆ ಎರಡನೆಯವಳು ನಾನು. ಅವರ ನಿವೃತ್ತಿಯ ಈ ಸಂಪುಟಕ್ಕೆ ಹೊಟ್ಟೆಕಿಚ್ಚಿಲ್ಲದೆ ಬರೆಯುತ್ತಿದ್ದೇನೆ ಎಂದರೆ ಸಂಪಾದಕರೇ ನಕ್ಕಾರು.

ನಾವಿಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಕಿಟಕಿಯ ಪಕ್ಕದ ಮೇಜು ಅವರಿಗೆ ಸಿಕ್ಕಿತು, ಪ್ರಿಂಟರಿನ ಪಕ್ಕದ್ದು ನನಗೆ. ಹೊಸ ಮೃಗ ಯಾರದೇ ಇರಲಿ, ಅದರ ಮೈಗೆಲ್ಲ ಕಪ್ಪು ಬಳಿದು, ಬರಿಯ ನೆರಳಿನಿಂದಲೇ ಗುರುತು ಸಿಗುತ್ತದೆಯೇ ಎಂದು ನೋಡುವುದು ಅವರ ಪದ್ಧತಿ. ಅವರಿಗೆ ಆ ಹೆಸರು ಬಂದದ್ದೂ ಹಾಗೆಯೇ. ಆ ನೆರಳಿನ ಪರೀಕ್ಷೆ ದಾಟಿದ ಮೃಗಕ್ಕೆ ಇನ್ನೊಂದು ಪರೀಕ್ಷೆ. ಬೆಳಿಗ್ಗೆ ಚಿತ್ರವನ್ನು ಕಚೇರಿಯವರಿಗೆಲ್ಲ ತೋರಿಸಿ ಒಳಗಿಡುವರು. ಊಟವಾದ ಮೇಲೆ ಎಲ್ಲರೂ ಅದನ್ನು ನೆನಪಿನಿಂದ ಬಿಡಿಸಬೇಕು. ಯಾರ ಕೈಗೂ ಬಾರದ ಭಾಗವನ್ನು ರಬ್ಬರು ಹಿಡಿದು ಅಳಿಸಿಬಿಡುವರು. ಮಕ್ಕಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬಿಡಿಸಲಾಗದ ಮೃಗವನ್ನು ಯಾರೂ ಪ್ರೀತಿಯಿಂದ ಸಾಕುವುದಿಲ್ಲ, ಮರಿಯ ಕಣ್ಣು ಬೆಳೆದ ಮೃಗದಲ್ಲೂ ಉಳಿಯದಿದ್ದರೆ ಸಾಕಿದವರಿಗೆ ಮೋಸವಾಗುತ್ತದೆ ಎಂಬುದು ಅವರ ಖಚಿತ ಮತ.

ನನ್ನ ಕೈಯೋ ಬಹಳ ಧಾರಾಳ. ಮೊದಲ ಮೃಗಕ್ಕೆ ಹುರುಪೆ, ಕೊಂಬು, ರೆಕ್ಕೆ, ಹಿಮ್ಮಡಿಯಲ್ಲಿ ಬೆಂಕಿ, ಏನೂ ಕಡಿಮೆ ಮಾಡಿರಲಿಲ್ಲ. ಊಟದ ನಂತರ ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದು ಜೋಲುಕಿವಿ ಮಾತ್ರ. ಮಸಿಯಣ್ಣನವರು ಕಿವಿಯನ್ನೂ ಅದನ್ನು ಹೊರುವಷ್ಟು ಮೈಯನ್ನೂ ಉಳಿಸಿ ಮಿಕ್ಕಿದ್ದೆಲ್ಲ ಅಳಿಸಿದರು.

“ಈ ಕಿವಿ ನೋಡಮ್ಮ. ಇದಕ್ಕೇನೋ ಬೇಜಾರಾಗಿದೆ, ಎತ್ಕೊಳ್ಳೋಣ ಅನ್ಸುತ್ತೆ. ಮಿಕ್ಕಿದ್ದೆಲ್ಲ ನಿನ್ನ ಜಂಬ.”

ನನಗೆ ಮೈಯೆಲ್ಲ ಉರಿದುಹೋಯಿತು. ಗೇಮು ಹೊರಬಂದಾಗ ಮಕ್ಕಳು ಆ ಜೋಲುಕಿವಿಗೇ ಮುಗಿಬಿದ್ದರು. ಅಂಗಡಿಗಳಲ್ಲಿ ಅದರ ಬೊಂಬೆಗಳು ಬಂದವು. ಗೇಮಿನಲ್ಲಿ ರೂಪ ಕೊಟ್ಟವರ ಹೆಸರು ಬರುವ ಜಾಗದಲ್ಲಿ ಮಸಿಯಣ್ಣನವರು ನನ್ನದೊಂದನ್ನೇ ಹಾಕಿಸಿದ್ದರು. ತಮ್ಮದನ್ನೂ ಸೇರಿಸಿದ್ದರೆ ನಾನು ನೆಮ್ಮದಿಯಾಗಿ ಬೈದುಕೊಳ್ಳಬಹುದಿತ್ತು. ಅದಕ್ಕೂ ಅವಕಾಶ ಕೊಡದ ದೊಡ್ಡತನ ಅವರದು.

ಅವರು ನಿವೃತ್ತರಾಗುವ ಮೊದಲು ಅವರ ರಬ್ಬರು ಮುಟ್ಟದ ಒಂದೇ ಒಂದು ಮೃಗವನ್ನು ಬಿಡಿಸಬೇಕೆಂಬ ಹಟ ನನಗೆ ಹಿಡಿದದ್ದು ಆಗಲೇ. ನನಗೆ ಕಾಯಿಲೆಯಾದಾಗ ನನ್ನ ಪಾಲಿನ ಕೆಲಸವನ್ನು ನನ್ನದೇ ಶೈಲಿಯಲ್ಲಿ ಮುಗಿಸಿಟ್ಟ ಪುಣ್ಯಾತ್ಮರು, ನಾನು ಚೇತರಿಸಿಕೊಂಡು ಬಂದ ಮೇಲೆ ತಂದ ಪ್ರತಿಯೊಂದು ಮೃಗವನ್ನೂ ಅಷ್ಟೇ ವಿನಯದಿಂದ ಅಳಿಸುತ್ತ ಬಂದರು.

ಕಳೆದ ತಿಂಗಳು ನಾನು ಒಂದು ದುಂಡನೆಯ ಮೃಗವನ್ನು ತಂದೆ. ಯಾರಾದರೂ ನೋಡಿದರೆ ತನ್ನ ಬಾಲದ ಹಿಂದೆಯೇ ಅಡಗಿಕೊಳ್ಳುವ ಪ್ರಾಣಿ. ಊಟವಾದ ಮೇಲೆ ನೋಡಿದರೆ ಎಲ್ಲರ ಹಾಳೆಯಲ್ಲೂ ಅದೇ ಬಾಲ, ಅದೇ ನಾಚಿಕೆ, ಏನೂ ಬಿಟ್ಟುಹೋಗಿರಲಿಲ್ಲ. ಮಸಿಯಣ್ಣನವರು ಬಹಳ ಹೊತ್ತು ನೋಡಿ ರಬ್ಬರನ್ನು ಜೇಬಿಗೆ ಹಾಕಿಕೊಂಡರು.

“ಇದ್ರಲ್ಲಿ ನಂಗೇನೂ ಕೆಲಸ ಇಲ್ಲಮ್ಮ. ಇದು ಪೂರ್ತಿ ನಿಂದೇ.”

ಅಂದು ಮನೆ ಸೇರುವವರೆಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಯಜಮಾನರ ಮುಂದೆ ಚಿತ್ರ ಹಿಡಿದೆ. ಅವರು ಕನ್ನಡಕ ಒರೆಸಿ ಹಾಕಿಕೊಂಡು ಮೆಚ್ಚಿಕೆಯಿಂದ ತಲೆದೂಗಿದರು.

“ಮಸಿಯಣ್ಣ ಬಿಡ್ಸಿದ್ದು ತಾನೆ? ಅವರ ಕೈ ಎಲ್ಲಿದ್ರೂ ಗೊತ್ತಾಗುತ್ತೆ ಬಿಡು.”

ಮಸಿಯಣ್ಣನವರ ಆಯುಸ್ಸು ದೊಡ್ಡದಾಗಲಿ, ಕಣ್ಣು ಕೈ ಚುರುಕಾಗಿರಲಿ, ಮನೆಯಲ್ಲಿ ಕುಳಿತೂ ಅವರು ಮೃಗಗಳನ್ನು ಬಿಡಿಸುತ್ತಲೇ ಇರಲಿ. ಅವರು ಬಿಡಿಸುವುದನ್ನು ನಿಲ್ಲಿಸಿದರೆ ಅವರಂತೆಯೇ ಬಿಡಿಸುವವಳು ನಾನೊಬ್ಬಳೇ ಉಳಿಯುತ್ತೇನೆ. ಆ ಹೊಗಳಿಕೆಯನ್ನು ನಾನು ಸಹಿಸಲಾರೆ.