ರೂಪಾಯಿಗೆ ಎಷ್ಟು ಪೈಸೆ?

ಆಷಾಢದ ಮೊದಲ ವಾರ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವ ಕಂಪನಿಯ ಮಾಲೀಕರು ನನ್ನ ಕಾಗದದ ಅಂಗಡಿಗೆ ಬಂದರು.

"ಶ್ರಾವಣದ ಆರ್ಡರಿಗೆ ಕಾಗದ ಸಾಲ ಕೊಡಿ ಸ್ವಾಮಿ, ಇಲ್ದಿದ್ರೆ ಮಷೀನು ನಿಲ್ಲುತ್ತೆ. ಗೋಡೌನ್ ತುಂಬ ಕಾರ್ಡಿದೆ, ಬರಬೇಕಾದ ಬಾಕಿಯೂ ಇದೆ."

"ಆಷಾಢದಲ್ಲಿ ಕಾರ್ಡು ಯಾರು ಕೊಳ್ತಾರೆ? ಬಾಕಿಯೂ ಯಾವಾಗ ಬರುತ್ತೋ, ಬಿಡಿ. ಗಲ್ಲಾ, ಬ್ಯಾಂಕು ಸೇರಿ ನಗದೆಷ್ಟು? ಬೇಗ ತೀರಿಸಬೇಕಾದ್ದೆಷ್ಟು?"

ನಗದು ಎಂಟು ಸಾವಿರ, ತೀರಿಸಬೇಕಾದ್ದು ನಲವತ್ತು.

"ಕೊಡಬೇಕಾದ ರೂಪಾಯಿಗೆ ಕೈಯಲ್ಲಿರೋದು ಇಪ್ಪತ್ತೇ ಪೈಸೆ. ಸಾಲ ಆಗಲ್ಲ, ಯಜಮಾನ್ರೇ."

ಅವರು ಚಪ್ಪಲಿ ಮೆಟ್ಟುತ್ತಾ, "ಆಗಲಿ. ನಿಮ್ಮದೆಷ್ಟು ಪೈಸೆ?" ಎಂದರು.

ಅವರು ಹೋದಮೇಲೆ ನನ್ನದನ್ನೂ ಲೆಕ್ಕ ಹಾಕಿದೆ: ಹದಿನೈದು ಪೈಸೆ.

ಕಾಗದವನ್ನಂತೂ ಕೊಡಲಿಲ್ಲ; ಕೊಟ್ಟಿದ್ದರೆ ಇಬ್ಬರೂ ಮುಳುಗುತ್ತಿದ್ದೆವು. ನನಗೆ ಸಾಲಕ್ಕೆ ಕಾಗದ ಕಳಿಸುವ ಮಿಲ್ಲಿನವರು ಈ ಪ್ರಶ್ನೆ ಕೇಳದಿರುವುದು ನನ್ನ ಪುಣ್ಯ. ಅವರು ಬಂದಾಗಲೆಲ್ಲ ನಾನೂ ತುಂಬಿದ ಗೋಡೌನನ್ನೇ ತೋರಿಸುತ್ತೇನೆ.